ಮೂಕರೋಗಿಯ ವೈದ್ಯ

ಪ್ರೌಢಶಾಲೆಯನ್ನು ಮುಗಿಸುವ ವಿದ್ಯಾರ್ಥಿಯ ಮುಂದೆ ನಿಲ್ಲುವ ಮೊದಲ ಪ್ರಶ್ನೆ 'ಮುಂದೇನು ಓದಬೇಕು?' ಎಂಬುದು. ಅನೇಕರು ನೆರೆಮನೆಯ ಮಕ್ಕಳನ್ನು ನೋಡಿ ಇದಕ್ಕೆ ಉತ್ತರ ಹೇಳುತ್ತಾರೆ. ತಮ್ಮ ಮನಸ್ಸನ್ನು ಕೇಳಿ ಹೇಳುವವರು ವಿರಳ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಅಂದಿನಿಂದ ಆ ಊರಿನ ಅನೇಕ ತಂದೆತಾಯಿಗಳಿಗೆ ಯಂತ್ರವಿದ್ಯೆಯೇ ಅನ್ನ ಕೊಡುವ ವಿದ್ಯೆ. ಅಲ್ಲಿ ದುಡಿದ ಕಾರ್ಮಿಕರೊಬ್ಬರ ಮಗಳು ನನ್ನ ಹಳೆಯ ವಿದ್ಯಾರ್ಥಿನಿ. ಮಗಳು ಎಂಜಿನಿಯರಾಗಲಿ ಎಂಬುದು ತಂದೆಯ ಆಸೆ. ಆದರೆ ಅಜ್ಜಿಯ ಮನೆಯ ಹಸು ಈಯಲಾರದೆ ಇರುಳೆಲ್ಲ ನರಳಿ ಸತ್ತುದನ್ನು ಅವಳು ಬಾಲ್ಯದಲ್ಲಿ ಕಂಡಿದ್ದಳು. ಅಜ್ಜಿಗೆ ಆ ಹಸುವಿನ ಹಾಲೇ ಜೀವನಾಧಾರವಾಗಿತ್ತು.

"ಗುರುಗಳೇ, ದನದ ಡಾಕ್ಟರಾಗುತ್ತೀಯಾ ಎಂದು ಮನೆಯಲ್ಲಿ ನಗುತ್ತಾರೆ. ಏನು ಮಾಡಲಿ?" ಎಂದು ಒಂದು ದಿನ ಕೇಳಿದಳು.

"ಬಯಕೆಯೊಂದೇ ಸಾಲದಮ್ಮ. ಆ ಕೆಲಸವನ್ನು ಕಣ್ಣಾರೆ ಕಂಡು ಬಾ. ತಂದೆಯವರನ್ನೂ ಕರೆದುಕೊಂಡು ಹೋಗು" ಎಂದೆ.

ತಂದೆ ಮಗಳಿಬ್ಬರೂ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಲ್ಲಿ ಒಂದು ಬೆಳಗನ್ನು ಕಳೆದರು. ಭುಜದವರೆಗೆ ಕೈಚೀಲ ಧರಿಸಿ ಹಸುವನ್ನು ಪರೀಕ್ಷಿಸುವುದನ್ನೂ ಒದೆತ, ಸಗಣಿ, ವಾಸನೆಗಳನ್ನೂ ಕಂಡರು. ವೈದ್ಯರು ಮೈಶಾಖವನ್ನು ಅಳೆದರು. ಮೆಲುಕು ನಿಂತಿದೆಯೇ ಎಂದು ವಿಚಾರಿಸಿದರು. ಹೊಟ್ಟೆಯ ಸದ್ದಿಗೆ ಕಿವಿಗೊಟ್ಟರು. ಹಿಂದಿರುಗುವಾಗ ತಂದೆ, "ನಾವು ಯಂತ್ರದ ಸದ್ದು ಕೇಳಿಯೇ ದೋಷವನ್ನು ಹೇಳುತ್ತಿದ್ದೆವು. ಇವರದೂ ಅಂಥದೇ ವಿದ್ಯೆ" ಎಂದರಂತೆ.

ಈ ವಿದ್ಯೆ ಕೊಟ್ಟಿಗೆಯಲ್ಲಿಯೇ ಮುಗಿಯುವುದಿಲ್ಲ. 1957ರಲ್ಲಿ ಇದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು; ಸುತ್ತಲಿನ ಜನರೂ ಜ್ವರದಿಂದ ಮಡಿದರು. ಉಣ್ಣೆಗಳಿಂದ ಹರಡುವ ಆ ಮಂಗನ ಕಾಯಿಲೆಗೆ ಇಂದಿಗೂ ಮಂಗನ ಸಾವೇ ಮೊದಲ ಎಚ್ಚರಿಕೆ. ಶತಮಾನಗಳ ಕಾಲ ದನಗಳನ್ನು ಕೊಂದ ರಿಂಡರ್‌ಪೆಸ್ಟ್ ಎಂಬ ಪಿಡುಗು ಲಸಿಕೆಯ ಬಲದಿಂದ 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತು.

ಈ ಶಿಕ್ಷಣವನ್ನು ಬಯಸುವವರು ಪದವಿಪೂರ್ವ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿರಬೇಕು. ಹತ್ತನೆಯ ತರಗತಿಯ ಬಳಿಕ ಜೀವಶಾಸ್ತ್ರವನ್ನು ಬಿಟ್ಟವರಿಗೆ ಈ ಬಾಗಿಲು ಮುಚ್ಚುತ್ತದೆ. ಅದರೊಡನೆ ಗಣಿತವನ್ನೂ ಆಯ್ದವರಿಗೆ ಎರಡು ಬಾಗಿಲುಗಳೂ ತೆರೆದಿರುತ್ತವೆ. ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ, ಒಂದು ವರ್ಷದ ವೃತ್ತಿತರಬೇತಿಯೂ ಸೇರಿ ವ್ಯಾಸಂಗದ ಅವಧಿ ಐದೂವರೆ ವರ್ಷ.

ನನ್ನ ವಿದ್ಯಾರ್ಥಿನಿಗೆ ಮೊದಲ ವರ್ಷ ಸ್ಥಾನ ದೊರೆಯಲಿಲ್ಲ. ಅವಳು ಕಣ್ಣೀರಿಟ್ಟಾಗ, "ಇನ್ನೊಂದು ವರ್ಷ ಓದು, ನಾನಿದ್ದೇನೆ" ಎಂದವರು ಎಂಜಿನಿಯರಿಂಗ್ ಬಯಸಿದ್ದ ಆ ತಂದೆಯೇ. ಮರುವರ್ಷ ಅವಳಿಗೆ ಪ್ರವೇಶ ದೊರೆಯಿತು. ಆಯ್ಕೆ ಮಾಡುವ ಮುನ್ನ ಕೆಲಸವನ್ನು ಕಂಡುಬಂದವರು ಸೋಲಿಗೆ ಸುಲಭವಾಗಿ ಹೆದರುವುದಿಲ್ಲ.

ಅಭ್ಯಾಸ
1. ಆಸ್ಪತ್ರೆಯನ್ನು ಕಂಡ ಮೇಲೆ ತಂದೆಯ ಅಭಿಪ್ರಾಯ ಬದಲಾದುದೇಕೆ?
2. ಪಶುಗಳ ಆರೋಗ್ಯಕ್ಕೂ ಮನುಷ್ಯರ ಆರೋಗ್ಯಕ್ಕೂ ಇರುವ ಸಂಬಂಧವನ್ನು ಪಾಠದ ಆಧಾರದಿಂದ ವಿವರಿಸಿರಿ.
3. ನೀವು ಬಯಸುವ ವೃತ್ತಿಯಲ್ಲಿರುವ ಒಬ್ಬರನ್ನು ಕಂಡು, ಅವರ ಒಂದು ದಿನದ ಕೆಲಸವನ್ನು ಕುರಿತು ಬರೆಯಿರಿ.