ಆಲೂಗಡ್ಡೆ ತುರಿಯಲ್ಲಿ ಸಸ್ಯಸಾರಗಳ ಪರೀಕ್ಷೆ: ಒಂದು ಬೋಧನಾಭ್ಯಾಸ ಪಾಠ

ತರಗತಿ: 10
ಘಟಕ: ಜೀವ ಕ್ರಿಯೆಗಳು (ಕಿಣ್ವಗಳು)
ಅವಧಿ: 2

ಕಲಿಕಾ ಉದ್ದೇಶ: ನಿಯಂತ್ರಣ ಮಾದರಿಯ ಅಗತ್ಯವನ್ನು ತಿಳಿಯುವುದು; ಒಂದು ಫಲಿತಾಂಶದಿಂದ ಎಷ್ಟರಮಟ್ಟಿಗೆ ತೀರ್ಮಾನಿಸಬಹುದೆಂದು ವಿವೇಚಿಸುವುದು.

ವಿಷಯ ಹಿನ್ನೆಲೆ

ಚರ್ಮದ ಬಣ್ಣಕ್ಕೆ ಮುಖ್ಯ ಕಾರಣ ಮೆಲನಿನ್. ಟೈರೊಸಿನೇಸ್ ಎಂಬ ತಾಮ್ರಯುಕ್ತ ಕಿಣ್ವ ಟೈರೊಸಿನ್ ಅಮೈನೊ ಆಮ್ಲದಿಂದ ಇದರ ತಯಾರಿಕೆಯನ್ನು ಆರಂಭಿಸುತ್ತದೆ. ಕಲೆ ತಿಳಿಗೊಳಿಸಬಲ್ಲ ಸಸ್ಯಸಾರಗಳನ್ನು ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಅಣಬೆಯ ಟೈರೊಸಿನೇಸ್ ಮೇಲೆ ಪರೀಕ್ಷಿಸಿ, ಕೋಜಿಕ್ ಆಮ್ಲದೊಂದಿಗೆ ಹೋಲಿಸುತ್ತಾರೆ. ತುರಿದ ಆಲೂಗಡ್ಡೆ ಕಪ್ಪಾಗುವುದೂ ಇದೇ ಬಗೆಯ ಕಿಣ್ವದಿಂದ. ಆದ್ದರಿಂದ ಶಾಲೆಯಲ್ಲಿ ಆಲೂಗಡ್ಡೆಯೇ ಸಾಕು.

ಅನ್ವೇಷಣೆ

ಆರು ಬಿಳಿ ತಟ್ಟೆಗಳಲ್ಲಿ ಒಂದೊಂದು ಚಮಚ ತುರಿ. ಸೇರಿಸಿದ್ದು: 1. ನೀರು 2. ನಿಂಬೆರಸ 3. ವಿನೆಗರ್ 4. ಅತಿಮಧುರ ನೆನೆಸಿ ಸೋಸಿದ ನೀರು 5. ಅರಿಸಿನದ ನೀರು 6. ಬೇಯಿಸಿದ ಆಲೂಗಡ್ಡೆಯ ತುರಿಗೆ ನೀರು. ಪ್ರತಿ 10 ನಿಮಿಷಕ್ಕೊಮ್ಮೆ, 30 ನಿಮಿಷದವರೆಗೆ ಬಣ್ಣ ದಾಖಲಿಸಿದರು.

ಚರ್ಚೆ

ನೀರಿನ ತಟ್ಟೆ ಕಂದಾಯಿತು; ನಿಂಬೆಯದು ಬಿಳಿಯಾಗಿಯೇ ಉಳಿಯಿತು. ಕೂಡಲೇ ಒಬ್ಬಳು, "ಮಿಸ್, ಹಾಗಾದ್ರೆ ನಿಂಬೆಹಣ್ಣು ಮುಖಕ್ಕೆ ಹಚ್ಚಿದ್ರೆ ಬೆಳ್ಳಗಾಗ್ತೀವಾ?" ಎಂದಳು. ಪಾಠದ ತಿರುಳು ಇದೇ ಪ್ರಶ್ನೆ. ಉತ್ತರ ಹೇಳದೆ ಉಳಿದ ತಟ್ಟೆಗಳನ್ನು ನೋಡಲು ಹೇಳಿದೆ.

ವಿನೆಗರ್ ಕೂಡ ಬಣ್ಣವನ್ನು ತಡೆದಿತ್ತು. ಅಂದರೆ ಆಮ್ಲೀಯತೆಯೊಂದೇ ಕಿಣ್ವವನ್ನು ನಿಧಾನಗೊಳಿಸಬಲ್ಲದು. ನಿಂಬೆಯ ವಿಟಮಿನ್ ಸಿ, ಆಗಲೇ ಉಂಟಾದ ಕ್ವಿನೋನ್‌ಗಳನ್ನು ಹಿಂದಿನ ರೂಪಕ್ಕೆ ತರುತ್ತದೆ. ಬೇಯಿಸಿದ ತುರಿ ಕಪ್ಪಾಗಲಿಲ್ಲ, ಏಕೆಂದರೆ ಅಲ್ಲಿ ಕಿಣ್ವವೇ ನಿಷ್ಕ್ರಿಯ. ಅರಿಸಿನದ ಹಳದಿಯಲ್ಲಿ ಕಂದು ಗುರುತಿಸಲಾಗಲಿಲ್ಲ. ಸಾರದ ಸ್ವಂತ ಬಣ್ಣಕ್ಕೂ ಪ್ರತ್ಯೇಕ ನಿಯಂತ್ರಣ ಬೇಕೆಂದು ಮಕ್ಕಳೇ ಹೇಳಿದರು. ಅತಿಮಧುರದ್ದು ಬಹುತೇಕ ನೀರಿನಂತೆಯೇ ಕಂದಾಯಿತು. ಅದರಲ್ಲಿರುವ ಗ್ಲಾಬ್ರಿಡಿನ್ ಟೈರೊಸಿನೇಸನ್ನು ತಡೆಯುತ್ತದೆ, ಆದರೆ ನೀರಿನಲ್ಲಿ ಸುಲಭವಾಗಿ ಕರಗದು. ಸಾರ ತೆಗೆಯುವ ವಿಧಾನವೂ ಫಲಿತಾಂಶವನ್ನು ಬದಲಿಸುತ್ತದೆ.

ತಟ್ಟೆಯಿಂದ ಚರ್ಮಕ್ಕೆ

ಚರ್ಮದಲ್ಲಿ ಕಿಣ್ವವಿರುವುದು ಜೀವಂತ ಕೋಶದೊಳಗೆ. ಸಾರ ಹೊರಪದರ ದಾಟಿ ಒಳಹೋಗಬೇಕು, ಕೋಶಕ್ಕೆ ಹಾನಿ ಮಾಡಬಾರದು. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಅದರ ಫ್ಯುರಾನೊಕೂಮರಿನ್‌ಗಳಿಂದ ಬೊಬ್ಬೆ ಬಂದು ಕಪ್ಪು ಕಲೆಯೇ ಉಳಿಯಬಹುದು. ಮೇಲಾಗಿ ಮೆಲನಿನ್ ರೋಗವಲ್ಲ. ಅದು ನೇರಳಾತೀತ ಕಿರಣಗಳಿಂದ ನಮ್ಮನ್ನು ಕಾಯುತ್ತದೆ. ಕಲೆಗೆ ಚಿಕಿತ್ಸೆ ಬೇರೆ, ಮೈಬಣ್ಣವನ್ನೇ ಕೊರತೆಯೆಂದು ಕಾಣುವುದು ಬೇರೆ.

ಮೌಲ್ಯಮಾಪನ

"ಗಿಡಮೂಲಿಕೆಯ ಕ್ರೀಮ್, ಏಳೇ ದಿನದಲ್ಲಿ ಬಿಳುಪು" ಎಂಬ ಜಾಹೀರಾತಿಗೆ ಮೂರು ಪ್ರಶ್ನೆ ಬರೆಯಲು ಹೇಳಿದೆ. ಹೆಚ್ಚಿನವರು ಕೇಳಿದ್ದು: ಯಾವುದರೊಂದಿಗೆ ಹೋಲಿಸಿದ್ದೀರಿ? ಯಾರ ಮೇಲೆ ಪರೀಕ್ಷಿಸಿದ್ದೀರಿ? ಒಳಗೆ ಇನ್ನೇನಿದೆ?

ಸಹಪ್ರಶಿಕ್ಷಣಾರ್ಥಿಗಳಿಗೆ

ತುರಿದ ಕೂಡಲೇ ಸಾರ ಸೇರಿಸಿ. ಯಾವುದನ್ನೂ ಚರ್ಮಕ್ಕೆ ಹಚ್ಚಲು ಬಿಡಬೇಡಿ. ಯಾವ ಮಗುವಿನ ಮೈಬಣ್ಣವನ್ನೂ ಉದಾಹರಣೆಯಾಗಿ ಬಳಸಬೇಡಿ.