ಗೋಬರ್ ಗ್ಯಾಸನ್ನು ತುಕ್ಕಿನಿಂದ ಸೋಸಿರಿ



ಗೋಬರ್ ಗ್ಯಾಸಿನಲ್ಲಿ ಉರಿಯುವ ಮೀಥೇನ್ ನೂರಕ್ಕೆ ಸುಮಾರು 60 ಪಾಲು. ಕೊಳೆತ ಮೊಟ್ಟೆಯ ನಾತ ಬೀರುವ ಹೈಡ್ರೋಜನ್ ಸಲ್ಫೈಡ್ ಇರುವುದು ಅತ್ಯಲ್ಪ; ಆದರೆ ಇಂಜಿನ್ನನ್ನು ತಿಂದುಹಾಕುವುದು ಅದೇ. ಈ ಗ್ಯಾಸಿನಿಂದ ಹೈಡ್ರೋಜನ್ ತೆಗೆದು ಫ್ಯೂಯೆಲ್ ಸೆಲ್ಲಿನಲ್ಲಿ ವಿದ್ಯುತ್ ಮಾಡುವವರೂ ಮೊದಲು ಗಂಧಕವನ್ನು ಕಳೆಯುತ್ತಾರೆ.

ಇಂಜಿನ್ನಿಗೆ ಗ್ಯಾಸ್ ಕೊಡುವವರು ಲೇತ್ ಅಂಗಡಿಯ ಕಬ್ಬಿಣದ ತುರಿಯ ಎಣ್ಣೆ ತೊಳೆದು, ನೀರು ಚಿಮುಕಿಸಿ ತುಕ್ಕು ಹಿಡಿಸಿರಿ. ನಾವು ಸದಾ ಬೈಯುವ ತುಕ್ಕೇ ಇಲ್ಲಿ ಔಷಧಿ! ಅದನ್ನು ಗ್ಯಾಸ್ ಸೋರದ ಡಬ್ಬಿಯಲ್ಲಿ ತುಂಬಿ ಕೊಳವೆಯ ನಡುವೆ ಜೋಡಿಸಿರಿ. ತುರಿ ಕಪ್ಪಾದರೆ ಅದರ ಶಕ್ತಿ ಮುಗಿಯಿತು. ಗ್ಯಾಸ್ ನಿಲ್ಲಿಸಿ, ಡಬ್ಬಿಯನ್ನು ಬಯಲಿನಲ್ಲಿ ಬಿಚ್ಚಿರಿ. ಕಪ್ಪು ತುರಿ ಗಾಳಿ ತಾಗಿದರೆ ಬಿಸಿಯೇರಿ ಹೊತ್ತಿಕೊಳ್ಳಲೂಬಹುದು. ನೀರು ಚಿಮುಕಿಸಿ ತೆಳ್ಳಗೆ ಹರಡಿರಿ. ಬಣವೆಯ ಹತ್ತಿರ ಬೇಡವೇ ಬೇಡ. ತುಕ್ಕಿನ ಬಣ್ಣ ಮರಳಿದ ಮೇಲೆ ಮತ್ತೆ ತುಂಬಬಹುದು.

ನಾತ ನಿಂತಿತೆಂದು ಮೂಗನ್ನು ನಂಬಬೇಡಿರಿ. ಈ ವಿಷಾನಿಲ ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯದು.