ಹೊಟ್ಟೆಯೊಳಗೆ ಉಳಿದ ಗಾಜ್ ಬಟ್ಟೆ, ಕೈಮೀರಿದ ಗಡುವು

ಗೋವಾದ ಒಬ್ಬ ನರ್ಸ್‌ಗೆ 1993ರಲ್ಲಿ ಪಿತ್ತಕೋಶದ ಆಪರೇಷನ್ ಆಯಿತು. ಆಮೇಲೆ ಹೊಟ್ಟೆನೋವು ಬಿಡಲೇ ಇಲ್ಲ. 2002ರಲ್ಲಿ ಬೇರೆ ಆಸ್ಪತ್ರೆಯಲ್ಲಿ ಮತ್ತೆ ಹೊಟ್ಟೆ ಕೊಯ್ದಾಗ ಒಳಗೆ ಗಾಜ್ ಬಟ್ಟೆ ಸಿಕ್ಕಿತು. 2004ರಲ್ಲಿ ಆಕೆ ಪರಿಹಾರ ಕೇಳಿದರು. 2010ರಲ್ಲಿ ಸುಪ್ರೀಂ ಕೋರ್ಟ್ ಆ ದೂರನ್ನು ವಜಾ ಮಾಡಿತು. ಅವಧಿ ಮೀರಿದೆ ಎಂಬುದೇ ಕಾರಣ.

ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಕೊಡಲು ಇರುವುದು ಎರಡು ವರ್ಷ. ಒಳಗೆ ಏನಿದೆ ಎಂದು ರೋಗಿಗೆ ಗೊತ್ತಾಗುವ ಹಾಗೇ ಇಲ್ಲದಿದ್ದರೆ, ಗೊತ್ತಾದ ದಿನದಿಂದ ಲೆಕ್ಕ ಹಿಡಿಯಬಹುದು ಎಂಬ ತತ್ವವನ್ನು ನ್ಯಾಯಾಲಯ ಒಪ್ಪಿತು. ಆದರೆ ಒಂಬತ್ತು ವರ್ಷ ನೋವು ತಿಂದವರು, ಅದರಲ್ಲೂ ಆಸ್ಪತ್ರೆಯಲ್ಲೇ ಕೆಲಸ ಮಾಡುವವರು, ಮೊದಲೇ ಪರೀಕ್ಷೆ ಮಾಡಿಸಿಕೊಳ್ಳಬೇಕಿತ್ತು ಎಂದಿತು. ನನಗೆ ಈ ಮಾತು ಕಟುವೆನಿಸುತ್ತದೆ. ಆದರೂ ಇಂದಿಗೂ ವಕೀಲರು ಉಲ್ಲೇಖಿಸುವ ತೀರ್ಪು ಅದು. 2019ರ ಹೊಸ ಕಾಯ್ದೆಯಲ್ಲೂ ಗಡುವು ಎರಡೇ ವರ್ಷ. ತಡವಾದದ್ದಕ್ಕೆ ಸರಿಯಾದ ಕಾರಣ ಕೊಟ್ಟರೆ ಆಯೋಗ ಮನ್ನಿಸಬಹುದು, ಮನ್ನಿಸದೆಯೂ ಇರಬಹುದು.

ಆದ್ದರಿಂದ ಅನುಮಾನ ಬಂದ ಕೂಡಲೇ ಮಾಡಬೇಕಾದ ಕೆಲಸ ಜಗಳವಲ್ಲ, ಕಾಗದ ಕೂಡಿಡುವುದು. ಕೇಸ್ ಶೀಟ್, ಆಪರೇಷನ್ ನೋಟ್ಸ್, ಅರಿವಳಿಕೆಯ ದಾಖಲೆ, ಒಪ್ಪಿಗೆ ಪತ್ರ, ಇವುಗಳ ಪ್ರತಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿ ಪ್ರಕಾರ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಯ ದಾಖಲೆಯನ್ನು ಮೂರು ವರ್ಷ ಕಾಯ್ದಿಡಬೇಕು. ಡಿಸ್ಚಾರ್ಜ್ ಸಮರಿಯೊಂದನ್ನೇ ನಂಬಿ ಕೂರಬೇಡಿ. ಟೇಬಲ್ ಮೇಲೆ ನಡೆದದ್ದೆಲ್ಲ ಅದರಲ್ಲಿ ಇರುವುದಿಲ್ಲ.

ಒಪ್ಪಿಗೆ ಪತ್ರವನ್ನಂತೂ ಎರಡು ಸಲ ಓದಿ. ದೆಹಲಿಯಲ್ಲಿ ಮಹಿಳೆಯೊಬ್ಬರು ಲ್ಯಾಪ್ರೋಸ್ಕೋಪಿ ತಪಾಸಣೆಗೆಂದು ಅರಿವಳಿಕೆ ತೆಗೆದುಕೊಂಡಿದ್ದರು. ಪ್ರಜ್ಞೆ ಇಲ್ಲದಿರುವಾಗ ಅವರ ತಾಯಿಯಿಂದ ಸಹಿ ಪಡೆದು ಗರ್ಭಕೋಶ, ಅಂಡಾಶಯಗಳನ್ನು ತೆಗೆಯಲಾಯಿತು. ತಪಾಸಣೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಆಗುವುದಿಲ್ಲ, ಪ್ರಾಣಾಪಾಯವಿಲ್ಲದಾಗ ರೋಗಿಗೆ ಪ್ರಜ್ಞೆ ಬರುವವರೆಗೆ ಕಾಯಬೇಕು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಕೊಡಿಸಿದ ಪರಿಹಾರ 25,000 ರೂಪಾಯಿ! ತತ್ವ ದೊಡ್ಡದು, ಮೊತ್ತ ಚಿಕ್ಕದು.

ಆಪರೇಷನ್ ಫಲಿಸಲಿಲ್ಲ ಎಂದ ಮಾತ್ರಕ್ಕೆ ಅದು ನಿರ್ಲಕ್ಷ್ಯವಾಗದು. ಸಾಧಾರಣ ಕೌಶಲವಿರುವ ವೈದ್ಯರು ವಹಿಸುವ ಎಚ್ಚರ ತಪ್ಪಿತೇ ಎಂಬುದು ಪ್ರಶ್ನೆ. ಸಾಮಾನ್ಯವಾಗಿ ಇದಕ್ಕೆ ತಜ್ಞರ ಅಭಿಪ್ರಾಯ ಬೇಕು. ಆದರೆ ಎಲ್ಲ ಪ್ರಕರಣಗಳಲ್ಲೂ ಕಡ್ಡಾಯವಲ್ಲ ಎಂದು 2010ರಲ್ಲೇ ತೀರ್ಮಾನವಾಗಿದೆ. ಹೊಟ್ಟೆಯಲ್ಲಿ ಬಟ್ಟೆ ಬಿಟ್ಟದ್ದನ್ನು ತಜ್ಞರೇ ಬಂದು ತಪ್ಪೆನ್ನಬೇಕಾಗಿಲ್ಲ.

ದೂರನ್ನು ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು, ವಕೀಲರಿಲ್ಲದೆಯೂ ವಾದಿಸಬಹುದು. ಚಿಕಿತ್ಸೆಗೆ ಕೊಟ್ಟ ಹಣ 50 ಲಕ್ಷ ಮೀರದಿದ್ದರೆ ಜಿಲ್ಲಾ ಆಯೋಗವೇ ಸಾಕು. 5 ಲಕ್ಷದವರೆಗಾದರೆ ಶುಲ್ಕವೂ ಇಲ್ಲ. ನೀವು ಎಷ್ಟು ಪರಿಹಾರ ಕೇಳುತ್ತೀರಿ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಬಿಲ್ಲನ್ನು ವಿಮೆಯವರು ಕಟ್ಟಿದ್ದರೂ ನೀವು ಗ್ರಾಹಕರೇ.

ಎಲ್ಲರಿಗೂ ಪೂರ್ತಿ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆಯ ವಿರುದ್ಧ ಈ ದಾರಿ ಇಲ್ಲ ಎಂದು 1995ರ ತೀರ್ಪು ಹೇಳುತ್ತದೆ. ಆಗ ಸಿವಿಲ್ ದಾವೆ ಹೂಡಬೇಕು. ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ 1963ರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ವೇಳೆ ಬಾಣಂತಿಯೊಬ್ಬರ ಹೊಟ್ಟೆಯಲ್ಲಿ ಟವೆಲ್ ಉಳಿದು ಅವರು ತೀರಿಕೊಂಡರು. ಸರ್ಕಾರವೇ ಹೊಣೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1996ರಲ್ಲಿ.

ಪೊಲೀಸ್ ಠಾಣೆಗೆ ಹೋಗುವ ಮುನ್ನ ಯೋಚಿಸಿ. ಕ್ರಿಮಿನಲ್ ಮೊಕದ್ದಮೆಗೆ ಘೋರ ನಿರ್ಲಕ್ಷ್ಯ ತೋರಿಸಬೇಕು. ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆಯದೆ ತನಿಖಾಧಿಕಾರಿ ಮುಂದುವರಿಯಬಾರದು ಎಂಬ ನಿರ್ದೇಶನ 2005ರಿಂದ ಇದೆ. ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ದೂರು ಕೊಡಬಹುದು. ಅದು ವೈದ್ಯರ ನೋಂದಣಿಯ ಮೇಲೆ ಕ್ರಮ ಕೈಗೊಳ್ಳಬಲ್ಲದು, ಪರಿಹಾರ ಕೊಡಿಸುವುದಿಲ್ಲ. ಹಾಗೆಂದು ಪರಿಷತ್ತಿನ ತೀರ್ಮಾನ ಬರಲಿ ಎಂದು ಕಾಯುತ್ತ ಕುಳಿತರೆ ಗ್ರಾಹಕ ಆಯೋಗದ ಎರಡು ವರ್ಷ ಅಷ್ಟರಲ್ಲೇ ಮುಗಿದುಹೋಗಬಹುದು.